ಬಾಡಿ ಹಳೇದು, ಎಂಜಿನ್ ಹೊಸತು

2025ರ ಅಕ್ಟೋಬರ್ ಕೊನೆಯ ವಾರ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎಂದಿನಂತೆ ಗುಲಾಬಿ ಹೂವು, ಶುಭೋದಯ, ಯಾರದೋ ಮೊಮ್ಮಗುವಿನ ಫೋಟೋ. ಅವುಗಳ ಮಧ್ಯೆ ಕೊಕ್ಕರ್ಣೆಯ ಮಾವ ಒಂದು ಪೇಪರ್ ಕಟಿಂಗ್ ಹಾಕಿದ್ರು. ಬೆಂಗಳೂರಿನ ಎಚ್‌ಎಎಲ್‌ನವರು ರಷ್ಯಾದ ಯುನೈಟೆಡ್ ಏರ್‌ಕ್ರಾಫ್ಟ್ ಕಾರ್ಪೊರೇಷನ್ ಜೊತೆ ಅಕ್ಟೋಬರ್ 27ರಂದು ಮಾಸ್ಕೋದಲ್ಲಿ ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದ ಸುದ್ದಿ ಅದು. ಎಸ್‌ಜೆ-100 ಅನ್ನುವ ಸುಮಾರು 100 ಸೀಟಿನ ಜೆಟ್ ವಿಮಾನವನ್ನು ಭಾರತದಲ್ಲೇ ತಯಾರಿಸುವ ಯೋಚನೆ. ಕೆಳಗೆ ಮಾವನ ಪ್ರಶ್ನೆ: "ಇದ್ ಹೊಸ ವಿಮಾನ ಅಲ್ದಲೆ ಮಗಾ? ಹಳೇದಕ್ಕೆ ಎಂಜಿನ್ ಬದ್ಲ್ ಮಾಡದ್ ಅಲ್ದಾ?"

ಹದಿನಾಲ್ಕು ಜನ ಹೆಬ್ಬೆರಳು ಒತ್ತಿದ್ದರು. ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿರಲಿಲ್ಲ. ಗುಂಪಿನಲ್ಲಿ ವಿಮಾನದ ಕೆಲಸ ಮಾಡುವವಳು ನಾನೊಬ್ಬಳೇ ಆದ್ದರಿಂದ ಎಲ್ಲರೂ ನನಗೆ ಬಿಟ್ಟಿದ್ದರೋ ಏನೋ. ಮಾವ ಕೇಳಿದ್ದು ನೂರಕ್ಕೆ ನೂರು ಸರಿ ಇತ್ತು. ಎಸ್‌ಜೆ-100 ಅಂದರೆ 2008ರ ಮೇ ತಿಂಗಳಲ್ಲಿ ಮೊದಲ ಸಲ ಹಾರಿದ ಸುಖೋಯ್ ಸೂಪರ್‌ಜೆಟ್. ಆಗ ಅದಕ್ಕಿದ್ದದ್ದು ಫ್ರಾನ್ಸ್ ಮತ್ತು ರಷ್ಯಾ ಸೇರಿ ಮಾಡಿದ ಸ್ಯಾಮ್146 ಎಂಜಿನ್. ಎಂಜಿನ್ನಿನ ಬಿಸಿ ಭಾಗ, ಅಂದರೆ ಇಂಧನ ಉರಿದು ಟರ್ಬೈನ್ ತಿರುಗುವ ಜಾಗ, ಫ್ರೆಂಚರ ಪಾಲು; ಮುಂದಿನ ಫ್ಯಾನಿನ ಕಡೆಯದ್ದು ರಷ್ಯನ್ನರ ಪಾಲು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ನಿರ್ಬಂಧಗಳು ಬಂದಮೇಲೆ ಫ್ರಾನ್ಸಿನ ಬಿಡಿಭಾಗ ನಿಂತುಹೋಯಿತು. ಹಾಗಾಗಿ ರಷ್ಯನ್ನರು ಪಿಡಿ-8 ಅನ್ನುವ ತಮ್ಮದೇ ಎಂಜಿನ್ ತಯಾರಿಸಿ ಅದೇ ವಿಮಾನಕ್ಕೆ ಜೋಡಿಸಿದರು. 2025ರ ಮಾರ್ಚ್ 17ಕ್ಕೆ ಆ ಎಂಜಿನ್ನಿನ ಜೊತೆ ವಿಮಾನ ಮೊದಲ ಸಲ ಮೇಲೇರಿತು.

"ಹೌದು ಮಾವ, ಬಾಡಿ ಹಳೇದು, ಎಂಜಿನ್ ಹೊಸತು" ಅಂತ ಬರೆದೆ. ಅವರು ಒಂದು ನಗುವ ಮುಖ ಹಾಕಿ, "ನಮ್ ಜೀಪಿನ್ ಕತಿ" ಅಂದರು.

ಆ ಜೀಪಿನ ಕತೆಯನ್ನು ಇಲ್ಲಿ ಹೇಳಲೇಬೇಕು. ಕೊಕ್ಕರ್ಣೆ ಎಲ್ಲಿದೆ ಅಂತ ಕೇಳುವವರಿಗೆ: ಬ್ರಹ್ಮಾವರದಿಂದ ಒಳಗೆ, ಪೇತ್ರಿ ದಾಟಿ ಹೋದರೆ ಸೀತಾನದಿಯ ಹತ್ತಿರ ಸಿಗುವ ಊರು. ಮಾವನ ಹತ್ತಿರ ಒಂದು ಹಳೇ ಪೆಟ್ರೋಲ್ ಜೀಪು ಇತ್ತು. ಅಡಿಕೆ, ತೆಂಗಿನಕಾಯಿ, ಮದುವೆ ಮನೆಯ ಪಾತ್ರೆ, ಹೆರಿಗೆ ನೋವು ಬಂದ ಹೆಂಗಸರು, ಎಲ್ಲದಕ್ಕೂ ಅದೇ. ಗಾಡಿ ಗಟ್ಟಿ. ಆದರೆ ಪೆಟ್ರೋಲ್ ಕುಡಿಯುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಹಳಷ್ಟು ಮಂದಿ ಮಾಡಿದ್ದನ್ನೇ ಮಾವನೂ ಮಾಡಿದರು: ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಒಂದು ವಾರದ ಕೆಲಸ. ಊರಿಗೆಲ್ಲ ಕೇಳುವಂತೆ ಗಡಗಡ ಸದ್ದು ಮಾಡುತ್ತ ಜೀಪು ಅಂಗಳಕ್ಕೆ ಬಂದಾಗ ನಾವು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದೆವು.

ಆಮೇಲೆ ಶುರುವಾಯಿತು ನೋಡಿ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಹಾಗಾಗಿ ಜೀಪಿನ ಮೂತಿ ಕೆಳಗೆ ಬಾಗಿತು. ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸಿದರು. ಪ್ಲೇಟು ಸೇರಿಸಿದ ಮೇಲೆ ಸ್ಟೇರಿಂಗ್ ಎಳೆಯಲು ಶುರುವಾಯಿತು. ಡೀಸೆಲಿನ ನಡುಕಕ್ಕೆ ಎಂಜಿನ್ ಕೂರಿಸಿದ ಕಡೆ ಚಾಸಿಯಲ್ಲಿ ಬಿರುಕು ಬಂತು, ವೆಲ್ಡ್ ಮಾಡಿಸಿದರು, ವೆಲ್ಡಿನ ಪಕ್ಕದಲ್ಲಿ ಮತ್ತೆ ಬಿರುಕು. ಹಳೇ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ಹೊಂದಿಕೆಯಾಗದೆ ಹೆಬ್ರಿ ಕಡೆಯ ಏರಿನಲ್ಲಿ ಚೆನ್ನಾಗಿ ಎಳೆದರೂ ಸಮತಟ್ಟಿನಲ್ಲಿ ಕಿರುಚುತ್ತಿತ್ತು. ಇದೆಲ್ಲ ಸಾಲದು ಅಂತ ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರ್ ಬದಲಿಸಲು ಆರ್‌ಟಿಒ ಕಚೇರಿಗೆ ಓಡಾಟ. ಮಾವ ಈಗಲೂ ಹೇಳುವುದುಂಟು: "ಎಂಜಿನ್ ಹಾಕುದ್ ಒಂದ್ ವಾರದ್ ಕೆಲ್ಸ ಮಗಾ. ಅದ್ ಗಾಡಿಗೆ ಹೊಂದ್ಕಂಬುಕೆ ಎರಡ್ ವರ್ಷ."

ನಾನು ಮಾಡುವ ಕೆಲಸ ಹೆಚ್ಚುಕಮ್ಮಿ ಆ ಎರಡು ವರ್ಷದ್ದು. ಬೆಂಗಳೂರಿನ ಹೊರವಲಯದ ಒಂದು ಆಫೀಸಿನಲ್ಲಿ ಕೂತು ವಿದೇಶಿ ಕಂಪನಿಗಳ ವಿಮಾನಗಳಿಗೆ ಸ್ಟ್ರೆಸ್ ಲೆಕ್ಕ ಹಾಕುತ್ತೇನೆ. ಹೆಚ್ಚಾಗಿ ಪೈಲಾನ್. ರೆಕ್ಕೆಯ ಕೆಳಗೆ ಎಂಜಿನ್ ತೂಗುಹಾಕಿದ ಆ ಗಿಡ್ಡ ತೋಳು ಇದೆಯಲ್ಲ, ಅದು. ಕಿಟಕಿ ಸೀಟು ಸಿಕ್ಕಿದಾಗ ನೀವೆಲ್ಲ ಮೋಡ ನೋಡುತ್ತೀರಿ, ನಾನು ಅದನ್ನು ನೋಡುತ್ತೇನೆ. ಎಂಜಿನ್ ಭಾರವನ್ನು ಹೊರುವುದು ಅದರ ಕೆಲಸದಲ್ಲಿ ಸುಲಭದ ಭಾಗ. ಓಡುತ್ತಿರುವ ಎಂಜಿನ್ನಿನ ಒಂದು ಫ್ಯಾನ್ ಬ್ಲೇಡ್ ಬುಡದಿಂದ ಮುರಿದು ಹೋಯಿತು ಅಂತಿಟ್ಟುಕೊಳ್ಳಿ. ಆಗ ಉಳಿದ ಫ್ಯಾನು ತೂಕ ತಪ್ಪಿದ ಮಿಕ್ಸಿಯ ಹಾಗೆ ಬಡಿದಾಡುತ್ತದೆ. ಎಂಜಿನ್ ಆಫ್ ಮಾಡಿದರೂ ಎದುರು ಗಾಳಿಗೆ ಅದು ತಿರುಗುತ್ತಲೇ ಇರುತ್ತದೆ. ಆ ಬಡಿತವನ್ನು ಹತ್ತಿರದ ವಿಮಾನ ನಿಲ್ದಾಣದವರೆಗೆ ಪೈಲಾನ್ ತಾಳಿಕೊಳ್ಳಬೇಕು. ಹೊಸ ಎಂಜಿನ್ನಿಗೆ ಒಪ್ಪಿಗೆ ಸಿಗಬೇಕಾದರೆ, ಪೂರ್ತಿ ವೇಗದಲ್ಲಿ ಓಡುವಾಗ ಒಂದು ಬ್ಲೇಡನ್ನು ಬೇಕೆಂತಲೇ ಸ್ಫೋಟಿಸಿ ಕಳಚಿ, ಚೂರುಗಳು ಕವಚದಿಂದ ಹೊರಗೆ ಬರುವುದಿಲ್ಲ ಅಂತ ತೋರಿಸಬೇಕು. ಕೋಟಿಗಟ್ಟಲೆ ಬೆಲೆಯ ಎಂಜಿನ್ ಒಂದು ಕ್ಷಣದಲ್ಲಿ ಗುಜರಿ! ಮೊದಲ ಸಲ ಆ ವಿಡಿಯೊ ನೋಡಿದಾಗ ನನಗೆ ಹೊಟ್ಟೆ ಚುರ್ ಅಂದಿತ್ತು.

ಹಾಗಾದರೆ ಇಷ್ಟು ಕಷ್ಟಪಟ್ಟು ಹಳೇ ವಿಮಾನಕ್ಕೆ ಹೊಸ ಎಂಜಿನ್ ಯಾಕೆ? ಕಾರಣ ಬಹಳ ಸರಳ. ಅಲ್ಯೂಮಿನಿಯಂ ಮೈ ಇಪ್ಪತ್ತು ವರ್ಷದಲ್ಲಿ ಅಷ್ಟೇನೂ ಹಳೇದಾಗುವುದಿಲ್ಲ, ಎಂಜಿನ್ ಹಳೇದಾಗುತ್ತದೆ. ಸ್ವಲ್ಪ ಗಾಳಿಯನ್ನು ಜೋರಾಗಿ ಹಿಂದಕ್ಕೆ ತಳ್ಳುವುದಕ್ಕಿಂತ ಬಹಳಷ್ಟು ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಅದೇ ಬಲಕ್ಕೆ ಕಡಿಮೆ ಇಂಧನ ಸಾಕು. ಕೋಣೆಗೆ ಟೇಬಲ್ ಫ್ಯಾನಿಗಿಂತ ಸೀಲಿಂಗ್ ಫ್ಯಾನು ಹಿತ ಅನ್ನಿಸುವುದಿಲ್ಲವೇ, ಹೆಚ್ಚುಕಮ್ಮಿ ಹಾಗೆ. ಅದಕ್ಕೇ ಹೊಸ ಎಂಜಿನ್‌ಗಳ ಫ್ಯಾನು ದೊಡ್ಡದಾಗುತ್ತಲೇ ಹೋಗುತ್ತಿದೆ. ಬ್ರೆಜಿಲಿನ ಎಂಬ್ರೇಯರ್ ಕಂಪನಿ ತನ್ನ ಇ190 ವಿಮಾನಕ್ಕೆ ಹೊಸ ಎಂಜಿನ್ ಹಾಕಿದಾಗ ಫ್ಯಾನಿನ ಅಗಲ 53 ಇಂಚಿನಿಂದ 73 ಇಂಚಿಗೆ ಹೋಯಿತು. ಇಂಧನ ಶೇ 17ರಷ್ಟು ಉಳಿಯಿತು ಅನ್ನುತ್ತಾರೆ. ಆದರೆ 73 ಇಂಚಿನ ಫ್ಯಾನು ನೆಲಕ್ಕೆ ತಾಗಬಾರದಲ್ಲ; ಹಾಗಾಗಿ ಕಾಲು ಉದ್ದ ಮಾಡಿದರು. ಭಾರ ಹೆಚ್ಚಾಯಿತು, ಹಾಗಾಗಿ ರೆಕ್ಕೆಯನ್ನೇ ಹೊಸದಾಗಿ ಮಾಡಿದರು. ಕೊನೆಗೆ ನೋಡಿದರೆ ಹಳೇದು ಅಂತ ಉಳಿದದ್ದು ಮುಖ್ಯವಾಗಿ ನಾವು ಕೂರುವ ಕೊಳವೆ.

ಅದೇ ಮನೆಯ ತಮ್ಮ, ಇ175-ಇ2 ಅನ್ನುವ ವಿಮಾನದ ಕತೆ ಇನ್ನೂ ಚಂದ. ಅಮೆರಿಕದ ದೊಡ್ಡ ಏರ್‌ಲೈನ್‌ಗಳು ತಮ್ಮ ಪೈಲಟ್ ಸಂಘಗಳ ಜೊತೆ ಒಂದು ಕರಾರು ಮಾಡಿಕೊಂಡಿವೆ: ಕಡಿಮೆ ಸಂಬಳದ ಪ್ರಾದೇಶಿಕ ಕಂಪನಿಗಳಿಗೆ ವಹಿಸುವ ವಿಮಾನ 76 ಸೀಟು, ಸುಮಾರು 39 ಟನ್ನಿನ ಮಿತಿ ದಾಟಬಾರದು. ಹೊಸ ಎಂಜಿನ್ ಹಾಕಿದ ಇ175 ಆ 39 ಟನ್ ದಾಟಿಬಿಟ್ಟಿತು. ಮುಂದೆ ಕರಾರು ಸಡಿಲ ಆದೀತು ಅಂತ ಕಾದರು, ಆಗಲಿಲ್ಲ. 2019ರ ಡಿಸೆಂಬರಿನಲ್ಲಿ ಚೆನ್ನಾಗಿಯೇ ಹಾರಿದ ವಿಮಾನವನ್ನು ಬದಿಗಿಟ್ಟು, ಹಳೇ ಎಂಜಿನ್ನಿನ ಇ175 ಅನ್ನೇ ಮಾರುತ್ತ ಹೋದರು. ಬೆಳಗಾವಿ, ಬೀದರ್ ಕಡೆಯವರು ಸ್ಟಾರ್ ಏರ್‌ನಲ್ಲಿ ಹತ್ತುವುದು ಆ ಹಳೇ ಎಂಜಿನ್ನಿನ ಇ175, ಇಲ್ಲವೇ ಅದಕ್ಕಿಂತಲೂ ಹಿರಿಯ ಇಆರ್‌ಜೆ-145. ಅಮೆರಿಕದ ಪೈಲಟ್ ಸಂಘದ ಕರಾರಿನ ನೆರಳು ಬೀದರಿನವರೆಗೆ ಬೀಳುತ್ತದೆ ಅಂದರೆ ನಂಬ್ತೀರಾ?

ಇನ್ನು ಬೋಯಿಂಗ್ 737 ಮ್ಯಾಕ್ಸ್ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ. ಅರುವತ್ತರ ದಶಕದ ಗಿಡ್ಡ ಕಾಲಿನ ವಿಮಾನಕ್ಕೆ ದೊಡ್ಡ ಎಂಜಿನ್ ಹಾಕಲು ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಿದರು, ಮೂತಿ ಏಳುವ ಗುಣ ಬಂತು, ಅದನ್ನು ಸಾಫ್ಟ್‌ವೇರಿನಿಂದ ಮುಚ್ಚಲು ಹೋದರು. 2018 ಮತ್ತು 2019ರ ಎರಡು ಅಪಘಾತಗಳಲ್ಲಿ 346 ಜನ ಹೋದರು. ಮಾವನ ಜೀಪಿನ ಮೂತಿ ಕೆಳಗೆ ಬಾಗಿತ್ತು, ಇಲ್ಲಿ ಮೇಲಕ್ಕೆ. ಎಂಜಿನ್ನೇ ಕೈಕೊಟ್ಟ ಕತೆಯೂ ಇದೆ. 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿದ ಗೋ ಫಸ್ಟ್ ದೂರಿದ್ದು ತನ್ನ ಹೊಸ ತಲೆಮಾರಿನ ಎಂಜಿನ್‌ಗಳನ್ನೇ.

ನಮ್ಮ ಬೆಂಗಳೂರಿಗೆ ಬರುತ್ತೇನೆ. ಮಾರತ್ತಹಳ್ಳಿ ಟ್ರಾಫಿಕ್ಕಿನಲ್ಲಿ ಜೀವ ಸವೆಸುವ ನನ್ನಂಥವರು ಒಮ್ಮೆ ಎಚ್‌ಎಎಲ್ ಹೆರಿಟೇಜ್ ಸೆಂಟರಿಗೆ ಹೋಗಿ ಅಲ್ಲಿರುವ ಮಾರುತ್ ವಿಮಾನವನ್ನು ನೋಡಬೇಕು. (ಮಾರತ್ತಹಳ್ಳಿಗೆ ಮಾರುತ್‌ನಿಂದಲೇ ಹೆಸರು ಬಂತು ಅಂತ ಒಂದು ಕತೆ ಓಡಾಡುತ್ತದೆ. ನಾನಂತೂ ನಂಬಿಲ್ಲ.) ಜರ್ಮನಿಯ ಕುರ್ಟ್ ಟ್ಯಾಂಕ್ ಇದೇ ಊರಿನಲ್ಲಿ ಕೂತು ವಿನ್ಯಾಸ ಮಾಡಿದ್ದು. 1961ರ ಜೂನ್ 17ಕ್ಕೆ ಹಾರಿತು. ಇವತ್ತಿಗೂ ನೋಡಿದರೆ ಕಣ್ಣು ಕೀಳಲಾಗದಷ್ಟು ಚೆಂದದ ಮೈ. ಆದರೆ ಅದಕ್ಕೆ ಅಂತ ಅಂದುಕೊಂಡಿದ್ದ ಬಲದ ಎಂಜಿನ್ ಬರಲೇ ಇಲ್ಲ. ಬ್ರಿಟಿಷರ ಆರ್ಫಿಯಸ್ ಎಂಜಿನ್ನಿನ ಹೊಸ ರೂಪ ತಯಾರಾಗಲು ದುಡ್ಡು ಬೇಕಿತ್ತು, ನಾವು ಕೊಡಲಿಲ್ಲ. ಈಜಿಪ್ಟಿನ ಎಂಜಿನ್ ನಂಬಿದ್ದೂ ಫಲಿಸಲಿಲ್ಲ. ಕೊನೆಗೆ ಪುಟ್ಟ ನ್ಯಾಟ್ ವಿಮಾನದ ಎಂಜಿನ್ನನ್ನೇ ಎರಡು ಹಾಕಿ ಓಡಿಸಿದರು. ಶಬ್ದದ ವೇಗ ದಾಟಲು ಹುಟ್ಟಿದ ಮೈ ನೇರ ಹಾರಾಟದಲ್ಲಿ ಅದನ್ನು ದಾಟದೆಯೇ ನಿವೃತ್ತಿಯಾಯಿತು. ಅಲ್ಲಿಂದ ಸ್ವಲ್ಪ ದೂರದಲ್ಲೇ, ಸಿ.ವಿ. ರಾಮನ್ ನಗರದ ಜಿಟಿಆರ್‌ಇಯಲ್ಲಿ, ತೇಜಸ್‌ಗಾಗಿ ಕಾವೇರಿ ಎಂಜಿನ್ ಕೆಲಸ ವರ್ಷಗಟ್ಟಲೆ ನಡೆಯಿತು. 2008ರಲ್ಲಿ ಎರಡನ್ನೂ ಬೇರೆ ಮಾಡಿದರು. 2021ರಲ್ಲಿ ತೇಜಸ್ ಮಾರ್ಕ್ 1ಎಗೆ ಅಂತ ಅಮೆರಿಕಕ್ಕೆ 99 ಎಂಜಿನ್ ಆರ್ಡರ್ ಕೊಟ್ಟರು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ಎಂಜಿನ್ ಬರಲಿ ಅಂತ ಮೈಗಳು ಸಾಲಾಗಿ ಕಾಯುವುದು ನಮಗೆ ಹೊಸತಲ್ಲ.

ಆದರೆ ನನಗೆ ಹತ್ತಿರದ ಕತೆ ಸಾರಸ್‌ನದ್ದು. ಕೆಲಸಕ್ಕೆ ಸೇರಿದ ಮೊದಲ ವಾರ, ನಮ್ಮ ಆಫೀಸಿಗೆ ಸಲಹೆಗಾರರಾಗಿ ಬರುತ್ತಿದ್ದ ಹಿರಿಯರೊಬ್ಬರು ಊರು ಯಾವುದು ಅಂತ ಕೇಳಿ, "ಕೊಕ್ಕರ್ಣೆಯಾ? ಹಾಗಾದ್ರೆ ನಿಂಗೆ ಕೊಕ್ಕರೆ ಗೊತ್ತಿರ್ಬೇಕು" ಅಂದಿದ್ದರು. ಅವರು ಹೇಳಿದ ಕೊಕ್ಕರೆ ಮುರುಗೇಶಪಾಳ್ಯದ ಹತ್ತಿರದ ಎನ್‌ಎಎಲ್‌ನಲ್ಲಿ ಹುಟ್ಟಿದ, ಸಾರಸ ಪಕ್ಷಿಯ ಹೆಸರಿನ ಪುಟ್ಟ ವಿಮಾನ. ಜೆಟ್ ಅಲ್ಲ, ಹಿಂಬದಿಯಲ್ಲಿ ಎರಡು ಪ್ರೊಪೆಲರ್ ಇಟ್ಟುಕೊಂಡು ತನ್ನನ್ನು ತಾನೇ ಮುಂದಕ್ಕೆ ದೂಡಿಕೊಳ್ಳುವ 14 ಸೀಟಿನ ವಿಮಾನ. 1991ರಲ್ಲಿ ರಷ್ಯಾದ ಮಯಾಸಿಶ್ಚೆವ್ ಸಂಸ್ಥೆಯ ಜೊತೆ ಸೇರಿ ಮಾಡುವ ಮಾತಾಗಿತ್ತು. ಆ ದೇಶವೇ ಒಡೆದುಹೋಯಿತು. ನಮ್ಮವರು ಒಂಟಿಯಾಗಿ ಮುಂದುವರಿಸಿ 2004ರ ಮೇ 29ಕ್ಕೆ ಮೊದಲ ಮಾದರಿಯನ್ನು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರಿಸಿದರು. ಖಾಲಿ ತೂಕ ಸುಮಾರು 4,125 ಕೆಜಿ ಇರಬೇಕು ಅಂತ ಲೆಕ್ಕ, ತೂಗಿದರೆ 5,118. ಹೆಚ್ಚುಕಮ್ಮಿ ಒಂದು ಸಾವಿರ ಕೆಜಿ ಜಾಸ್ತಿ! ಎಂಜಿನ್ ಒಂದೊಂದೂ 850 ಅಶ್ವಶಕ್ತಿಯದ್ದು. ಆ ಭಾರಕ್ಕೆ ಸಾಲದು.

ಎರಡನೇ ಮಾದರಿ 2007ರಲ್ಲಿ ಹಾರಿತು. 1,200 ಅಶ್ವಶಕ್ತಿಯ ಎಂಜಿನ್, ಸ್ವಲ್ಪ ಹಗುರ ಮೈ. 2009ರ ಮಾರ್ಚ್ 6ರಂದು ಅದು ಬಿಡದಿಯ ಹತ್ತಿರ ಬಿತ್ತು. ಹಾರುತ್ತಿರುವಾಗ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ಹೊತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ, ಮೂವರೂ ತೀರಿಕೊಂಡರು. ನಾನಾಗ ಸೆಕೆಂಡ್ ಪಿಯುಸಿ. ಪರೀಕ್ಷೆಯ ಓದಿನ ಮಧ್ಯೆ ಟಿವಿಯಲ್ಲಿ ಸುಟ್ಟ ಹೊಲ ನೋಡಿದ್ದು ನೆನಪಿದೆ. ಎಂಜಿನ್ ಮರುಚಾಲನೆಗೆ ಹೇಳಿಕೊಟ್ಟಿದ್ದ ಕ್ರಮವೇ ಸರಿ ಇರಲಿಲ್ಲ ಅಂತ ತನಿಖೆ ಹೇಳಿತು. ಯಾವ ಸ್ವಿಚ್ಚು ಮೊದಲು, ಯಾವುದು ಆಮೇಲೆ ಅನ್ನುವ ಪಟ್ಟಿ. ಈಗ ನನ್ನ ಕೈಯಲ್ಲಿ ಹೋಗುವ ಪ್ರತಿ ವರದಿಯ ಕೊನೆಗೂ ನನ್ನ ಸಹಿ ಇರುತ್ತದೆ, ಹಾಗಾಗಿ ಆ ಮೂರು ಹೆಸರುಗಳನ್ನು ಮರೆಯಲು ಆಗಿಲ್ಲ.

ಯೋಜನೆ ನಿಂತೇಹೋಯಿತು ಅನ್ನುವಂತಾಯಿತು. ದುಡ್ಡು ನಿಂತಿತು, ಜನ ಬೇರೆ ಬೇರೆ ಕಡೆ ಹೋದರು. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮತ್ತೆ ಶುರುವಾಗ್ತದೆ, ಈ ವರ್ಷ ಶುರುವಾಗ್ತದೆ ಅಂತ ಕೇಳಿಕೊಂಡೇ ದೊಡ್ಡವರಾದವರು ನಾವು. ಹಾಗಾಗಿ ನಿಂತದ್ದು ಮತ್ತೆ ಏಳುತ್ತದೆ ಅನ್ನುವ ಮಾತನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಆದರೆ ಇದು ಎದ್ದಿತು. ಮೂಲೆಯಲ್ಲಿ ನಿಂತಿದ್ದ ಮೊದಲ ಮಾದರಿಯನ್ನೇ ಹೊರಗೆ ತೆಗೆದರು. 850ರ ಎಂಜಿನ್ ಇಳಿಸಿ 1,200ರದ್ದು ಕೂರಿಸಿದರು. 104 ಇಂಚಿನ ಪ್ರೊಪೆಲರ್ ಹಾಕಿದರು. ಒಂದು ಎಂಜಿನ್ ಕೈಕೊಟ್ಟರೂ ಟೇಕ್ ಆಫ್ ಆದಮೇಲೆ ವಿಮಾನ ಏರುತ್ತಲೇ ಇರಬೇಕು ಅನ್ನುವುದು ನಿಯಮ. ಆ ಏರಿಕೆಗೆ ಬೇಕಾದ ಕಸುವು ಅದು. ಅಷ್ಟಕ್ಕೇ ಮುಗಿಯಲಿಲ್ಲ, ನೋಡಿ: ರಡ್ಡರ್ ಬದಲಾಯಿಸಿದರು, ಯಾಕೆಂದರೆ ಒಂದೇ ಕಡೆಯ ಎಂಜಿನ್ ಹೆಚ್ಚು ಬಲದಿಂದ ಎಳೆದರೆ ಮೂತಿ ತಿರುಗದಂತೆ ಹಿಡಿಯಲು ಬಾಲದಲ್ಲೂ ಹೆಚ್ಚು ಬಲ ಬೇಕು. ಚಕ್ರ, ಬ್ರೇಕು ಬದಲಾಯಿಸಿದರು, ಯಾಕೆಂದರೆ ಒಟ್ಟು ತೂಕ 7,100 ಕೆಜಿಗೆ ಹೋಯಿತು. 2018ರ ಜನವರಿ 24ರಂದು ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಅದನ್ನು ಬೆಂಗಳೂರಿನ ಆಕಾಶದಲ್ಲಿ ಸುಮಾರು 40 ನಿಮಿಷ ಹಾರಿಸಿ ಇಳಿಸಿದರು. ಆ ಹಿರಿಯರು ಅವತ್ತು ಆಫೀಸಿಗೆ ಮೈಸೂರು ಪಾಕು ತಂದಿದ್ದರು. ಯಾಕೆ ಅಂತ ಕೇಳಿದ್ದಕ್ಕೆ "ಹಳೇ ಸ್ನೇಹಿತ ಆಸ್ಪತ್ರೆಯಿಂದ ಮನೆಗೆ ಬಂದ" ಅಂದರು. ಈಗ ಎನ್‌ಎಎಲ್‌ನವರು 19 ಸೀಟಿನ ಸಾರಸ್ ಮಾರ್ಕ್ 2 ಮಾಡುತ್ತಿದ್ದಾರೆ.

ಅಂದ ಹಾಗೆ, 1991ರಲ್ಲಿ ಶುರುವಾದ ಇನ್ನೊಂದು ವಿಮಾನಕ್ಕೂ ಬೆಂಗಳೂರಿಗೂ ಈಗ ನಂಟು ಬೆಳೆದಿದೆ. ಜರ್ಮನಿಯ ಡಾರ್ನಿಯರ್ 328. ಅದು ಮೊದಲು ಹಾರಿದ್ದು ಆ ವರ್ಷದ ಡಿಸೆಂಬರಿನಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ಮೊದಲು ಪ್ರೊಪೆಲರ್ ಇತ್ತು. ತೊಂಬತ್ತರ ದಶಕದಲ್ಲಿ ಜೆಟ್ ಅಂದರೇ ಪ್ರತಿಷ್ಠೆ, ಹಾಗಾಗಿ 1998ರಲ್ಲಿ ಅದೇ ಮೈಗೆ ಜೆಟ್ ಎಂಜಿನ್ ಹಾಕಿ ಹಾರಿಸಿದರು. 2002ರಲ್ಲಿ ಕಂಪನಿ ದಿವಾಳಿಯಾಯಿತು. 2015ರಲ್ಲಿ ಟರ್ಕಿಯವರು ಇದನ್ನೇ ತಮ್ಮ ದೇಶದ ವಿಮಾನವಾಗಿ ಎಬ್ಬಿಸುತ್ತೇವೆ ಅಂತ ಹೊರಟು ಕೈಬಿಟ್ಟರು. ಈಗ ಡಾಯ್ಚ ಏರ್‌ಕ್ರಾಫ್ಟ್ ಅನ್ನುವ ಕಂಪನಿ ಅದನ್ನು ಸ್ವಲ್ಪ ಉದ್ದ ಮಾಡಿ, 40 ಸೀಟು ಹಾಕಿ, ಜೆಟ್ ಬಿಟ್ಟು ಮತ್ತೆ ಪ್ರೊಪೆಲರಿಗೇ ಮರಳಿ, ಕೆನಡಾದ ಹೊಸ ಎಂಜಿನ್ ಕೂರಿಸಿ ಡಿ328ಇಕೊ ಅಂತ ಕರೆದಿದೆ. 2025ರ ಮೇನಲ್ಲಿ ಮೊದಲ ಪರೀಕ್ಷಾ ವಿಮಾನ ಹೊರಗೆ ಬಂತು. ಅದರ ಹಿಂಬದಿಯ ಮೈ ತಯಾರಿಸುವ ಗುತ್ತಿಗೆ ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್‌ಗೆ ಸಿಕ್ಕಿದೆ. ನನ್ನ ವಯಸ್ಸಿನ ವಿಮಾನಕ್ಕೆ ನಮ್ಮೂರಲ್ಲೇ ಬಾಲ ಕಟ್ಟುತ್ತಿದ್ದಾರೆ!

ಇಷ್ಟೆಲ್ಲ ಗೊತ್ತಿದ್ದೂ ನಾನು ಹಳೇ ವಿಮಾನಕ್ಕೆ ಹೊಸ ಎಂಜಿನ್ ಹಾಕುವವರ ಪರ. ಖಾಲಿ ಹಾಳೆಯಿಂದ ಶುರು ಮಾಡುತ್ತೇವೆ ಅನ್ನುವವರ ಪವರ್‌ಪಾಯಿಂಟ್ ನೋಡಿ ನೋಡಿ ಸಾಕಾಗಿದೆ. ನಮ್ಮದೇ 70-90 ಸೀಟಿನ ಪ್ರಾದೇಶಿಕ ವಿಮಾನ ಬರುತ್ತದೆ ಅನ್ನುವ ಮಾತು ನಾನು ಎಂಜಿನಿಯರಿಂಗ್ ಸೇರಿದಾಗಲೂ ಇತ್ತು, ಈಗಲೂ ಇದೆ. ಹಾರಿ ತೋರಿಸಿದ ಮೈಗೆ ಅದರದ್ದೇ ಆದ ನೆನಪು ಇರುತ್ತದೆ: ಎಲ್ಲಿ ಬಿರುಕು ಬರುತ್ತದೆ, ಯಾವ ವೇಗದಲ್ಲಿ ನಡುಗುತ್ತದೆ ಅಂತ. ಆ ನೆನಪನ್ನು ಬಿಸಾಡಿ ಹೊಸದಾಗಿ ಕಲಿಯಲು ಬೇಕಾದ ದುಡ್ಡು, ಜೀವ ಎರಡೂ ನಮ್ಮ ಹತ್ತಿರ ಧಾರಾಳ ಇಲ್ಲ.

ಸೂಪರ್‌ಜೆಟ್ ವಿಚಾರದಲ್ಲಿ ಮಾತ್ರ ನನಗೆ ಅನುಮಾನ. ಎಚ್‌ಎಎಲ್ ಕಾನ್ಪುರದಲ್ಲಿ ಆವ್ರೋ ಎಚ್‌ಎಸ್-748 ತಯಾರಿಸಿದ್ದು 1961ರಿಂದ 1988ರವರೆಗೆ. ಬಜಪೆಗೂ ಆವ್ರೋ ಬರುತ್ತಿತ್ತು. 1981ರ ಆಗಸ್ಟಿನಲ್ಲಿ ಒಂದು ರನ್‌ವೇ ದಾಟಿ ಹೋಗಿ ಅಂಚಿನಲ್ಲಿ ನಿಂತಿತು, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅದರಲ್ಲಿದ್ದರು, ಯಾರಿಗೂ ಜೀವಾಪಾಯ ಆಗಲಿಲ್ಲ. ಆಮೇಲೆ ಇಡೀ ಪ್ರಯಾಣಿಕ ವಿಮಾನ ಅಂತ ಇಲ್ಲಿ ತಯಾರಾದದ್ದು ಪುಟ್ಟ ಡಾರ್ನಿಯರ್ 228 ಬಿಟ್ಟರೆ ಇಲ್ಲ. ಆದ್ದರಿಂದ ಎಸ್‌ಜೆ-100 ಆಸೆ ಹುಟ್ಟಿಸುವುದು ಸಹಜ. ಆದರೆ ರಷ್ಯನ್ನರು ಎಂಜಿನ್ ಬದಲಿಸಿದ್ದು ಇಂಧನ ಉಳಿಸಲು ಅಲ್ಲವೇ ಅಲ್ಲ. ಬೇರೆಯವರ ಎಂಜಿನ್ ನಂಬಿ ಕೂತರೆ ಒಂದು ದಿನ ಬೆಳಗಾಗುವುದರೊಳಗೆ ವಿಮಾನಗಳೆಲ್ಲ ನೆಲದಲ್ಲೇ ಉಳಿಯಬಹುದು ಅಂತ ಕಂಡ ಮೇಲೆ ಬದಲಿಸಿದರು. ಆ ಎಂಜಿನ್ನನ್ನು ನಾವು ತಂದು ಹಾಕಿಕೊಂಡರೆ, ಫ್ರಾನ್ಸಿನ ಎದುರು ಅವರು ಇದ್ದ ಜಾಗದಲ್ಲೇ ಅವರೆದುರು ನಾವು ಇರುತ್ತೇವೆ. ಪಿಡಿ-8ರ ಬಿಸಿ ಭಾಗವನ್ನು ಇಲ್ಲೇ ಎರಕ ಹೊಯ್ಯಲು, ಇಲ್ಲೇ ಬಿಚ್ಚಿ ಜೋಡಿಸಲು ಕಲಿಸಿಕೊಡುತ್ತಾರೆಯೇ? ಒಪ್ಪಂದದ ಕಾಗದದಲ್ಲಿ ನಾನು ಮೊದಲು ಹುಡುಕುವುದು ಆ ಸಾಲನ್ನು. ಮಾವನ ಡೀಸೆಲ್ ಎಂಜಿನ್ ಹದಿನೆಂಟು ವರ್ಷ ಓಡಿದ್ದಕ್ಕೆ ಕಾರಣ, ಅದನ್ನು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ ಪೇತ್ರಿ ರಸ್ತೆಯಲ್ಲೇ ಇದ್ದ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ತಿಂಗಳು ನನಗೊಂದು ಕರೆ ಬಂತು. ಬೆಂಗಳೂರಿನದ್ದೇ ಒಂದು ಕಡೆ, ನಮ್ಮದೇ ದೇಶದ ಸಣ್ಣ ಪ್ರೊಪೆಲರ್ ವಿಮಾನಕ್ಕೆ ಎಂಜಿನ್ ಕೂರಿಸುವ ಭಾಗದ ಲೆಕ್ಕ ನೋಡುವವರು ಬೇಕಂತೆ. ಮೂರು ವರ್ಷದ ಗುತ್ತಿಗೆ, ಈಗಿನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮನೆ ಸಾಲದ ಕಂತು ಇನ್ನೂ ಹನ್ನೊಂದು ವರ್ಷ ಇದೆ. ಅಮ್ಮ "ಸುಮ್ನೆ ಇಪ್ಪುಕಾತಿಲ್ಯಾ ನಿಂಗೆ" ಅಂದಳು. ಗಂಡ ಎಕ್ಸೆಲ್ ಶೀಟು ತೆಗೆದು ಕೂತು, ಒಂದು ಗಂಟೆ ಲೆಕ್ಕ ಹಾಕಿ, ಕಾರು ಮಾರಿದರೆ ಆಗ್ತದೆ ಅಂದ. ಆ ಹಿರಿಯರಿಗೆ ಫೋನ್ ಮಾಡಿದರೆ ಅವರು ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಮೂರು ವರ್ಷದಲ್ಲಿ ಮುಗಿಯಲ್ಲ, ಗೊತ್ತಲ್ವಾ?" ಅಂತ ಮಾತ್ರ ಕೇಳಿದರು. ಗೊತ್ತು.

ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಸಂದರ್ಶನ. ಪ್ರೊಪೆಲರ್ ವಿಮಾನದ ಕೆಲಸ ಮುಟ್ಟದೆ ಎಂಟು ವರ್ಷವಾಯಿತು, ಹಾಗಾಗಿ ರಾತ್ರಿ ಊಟ ಆದಮೇಲೆ ವರ್ಲ್ ಫ್ಲಟರ್ ಓದುತ್ತಿದ್ದೇನೆ. ಬುಗುರಿ ಸುಸ್ತಾದಾಗ ತಲೆ ಓಲಾಡಿಸುತ್ತದಲ್ಲ, ಎಂಜಿನ್ ಹಿಡಿದಿಟ್ಟ ಕಟ್ಟು ಸ್ವಲ್ಪ ಸಡಿಲವಾದರೆ ತಿರುಗುವ ಪ್ರೊಪೆಲರ್ ಕೂಡ ಹಾಗೇ ಓಲಾಡಲು ಶುರು ಮಾಡುತ್ತದೆ. ಆ ಓಲಾಟ ರೆಕ್ಕೆಯ ಕುಣಿತದ ಜೊತೆ ತಾಳ ಕೂಡಿಸಿಕೊಂಡರೆ ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆ ಕಿತ್ತುಬರುತ್ತದೆ. 1959ರಲ್ಲಿ ಮತ್ತು 1960ರಲ್ಲಿ ಅಮೆರಿಕದಲ್ಲಿ ಎರಡು ಲಾಕ್‌ಹೀಡ್ ಎಲೆಕ್ಟ್ರಾ ವಿಮಾನಗಳು ಹೀಗೇ ಹೋದವು. ಆಮೇಲೆ ಅವರು ಎಂಜಿನ್ ಕಟ್ಟನ್ನೂ ರೆಕ್ಕೆಯನ್ನೂ ಬಿಗಿ ಮಾಡಿದರು. ನಮ್ಮ ವಿಮಾನದಲ್ಲಿ ಎಂಜಿನ್ ರೆಕ್ಕೆಯ ಮೇಲಿಲ್ಲ, ಹಿಂದೆ ಮೈಗೆ ಅಂಟಿಕೊಂಡಿದೆ. ಹಾಗಿದ್ದರೆ ಓಲಾಟ ಯಾವುದರ ಜೊತೆ ತಾಳ ಕೂಡಿಸುತ್ತದೆ ಅನ್ನುವುದು ನಿನ್ನೆ ರಾತ್ರಿ ಅರ್ಧಕ್ಕೆ ನಿಂತ ಲೆಕ್ಕ.